ಆಲೀಲ್ ಆವರ್ತನ ಬದಲಾದಾಗ ಅದು ಆಯ್ಕೆಯ ಫಲವೋ, ಆಕಸ್ಮಿಕವೋ?

ಕಲಿಕೆಯ ಹಾದಿ:
ಎಲ್ಲರಿಗೂ ನಮಸ್ಕಾರ. ನಾನು ಪದವಿ ತರಗತಿಯಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ಜೀವಿಸಂದಣಿಯ, ಅಂದರೆ ತಮ್ಮಲ್ಲೇ ಕೂಡುವ ಜೀವಿಗಳ ಗುಂಪಿನ, ತಳಿಶಾಸ್ತ್ರದ ಅಧ್ಯಾಯವನ್ನು ಎರಡೆರಡು ಬಾರಿ ಓದಿದ ಮೇಲೂ ಎರಡು ಸಂದೇಹಗಳು ಬಗೆಹರಿದಿಲ್ಲ. ಆಲೀಲ್ ಎಂದರೆ ಒಂದೇ ವಂಶವಾಹಿಯ ಬೇರೆಬೇರೆ ರೂಪಗಳಲ್ಲಿ ಒಂದು; ತಂದೆಯಿಂದ ಒಂದು, ತಾಯಿಯಿಂದ ಒಂದು ಪ್ರತಿ ಬರುತ್ತದೆ. ಪ್ರಬಲ ಆಲೀಲ್ ತನ್ನ ಜೊತೆಗಿರುವ ಅಪ್ರಬಲ ಆಲೀಲ್‌ನ ಗುಣವನ್ನು ಮರೆಮಾಡುತ್ತದೆ ಎಂದಾದರೆ, ತಲೆಮಾರುಗಳು ಉರುಳಿದಂತೆ ಅಪ್ರಬಲ ಆಲೀಲ್ ಏಕೆ ಅಳಿದುಹೋಗುವುದಿಲ್ಲ? ಇದು ಮೊದಲನೆಯದು. ಎರಡನೆಯದು ಇದಕ್ಕಿಂತ ಹೆಚ್ಚು ಕಾಡುತ್ತಿದೆ. ಉತ್ಪರಿವರ್ತನೆ (ಡಿಎನ್ಎಯಲ್ಲಿ ಆಗುವ ಬದಲಾವಣೆ), ವಲಸೆ, ನೈಸರ್ಗಿಕ ಆಯ್ಕೆ, ಆನುವಂಶಿಕ ದಿಕ್ಚ್ಯುತಿ (ಬರೀ ಆಕಸ್ಮಿಕದಿಂದ ಆಗುವ ಏರಿಳಿತ) ಎಂಬ ನಾಲ್ಕು ಬಲಗಳು ಆಲೀಲ್‌ಗಳ ಆವರ್ತನವನ್ನು, ಅಂದರೆ ಸಂದಣಿಯಲ್ಲಿ ಅವುಗಳ ಪಾಲನ್ನು, ಬದಲಿಸುತ್ತವೆ ಎಂದು ಪುಸ್ತಕ ಹೇಳುತ್ತದೆ. ಆದರೆ ಒಂದು ಆಲೀಲ್ ಶೇ 20ರಿಂದ ಶೇ 60ಕ್ಕೆ ಏರಿದ್ದನ್ನು ಯಾರಾದರೂ ಅಳೆದರೆ, ಆ ಏರಿಕೆಗೆ ಈ ನಾಲ್ಕರಲ್ಲಿ ಯಾವುದು ಕಾರಣವೆಂದು ಅವರು ಹೇಗೆ ನಿರ್ಧರಿಸುತ್ತಾರೆ?

ಮಿತಭಾಷಿ:
ಗುಣ ಹೊರಗೆ ಕಾಣುವುದು ಬೇರೆ, ಆಲೀಲ್ ಮುಂದಿನ ಪೀಳಿಗೆಗೆ ಸಾಗುವುದು ಬೇರೆ. ಮರೆಯಾದ ಆಲೀಲ್ ಸತ್ತ ಆಲೀಲ್ ಅಲ್ಲ.

ಪಾಠದ ಮೇಜು:
ನಿಮ್ಮ ಮೊದಲ ಸಂದೇಹ ನೂರು ವರ್ಷಕ್ಕೂ ಹಳೆಯದು. ಮೆಂಡೆಲ್‌ನ ನಿಯಮಗಳು ಮತ್ತೆ ಬೆಳಕಿಗೆ ಬಂದ ಹೊಸತರಲ್ಲಿ, ಬೆರಳುಗಳು ಗಿಡ್ಡವಾಗಿರುವ ಪ್ರಬಲ ಗುಣವೊಂದು ಕಾಲಕ್ರಮೇಣ ಜನರಲ್ಲಿ ಮೂರಕ್ಕೆ ಒಂದರ ಅನುಪಾತಕ್ಕೆ ಬಂದು ನಿಲ್ಲಬೇಕಲ್ಲವೇ ಎಂಬ ವಾದ ಇಂಗ್ಲೆಂಡಿನಲ್ಲಿ ಎದ್ದಿತ್ತು. ತಳಿವಿಜ್ಞಾನಿ ಪನ್ನೆಟ್ ಈ ತೊಡಕನ್ನು ತನ್ನ ಗೆಳೆಯ, ಕೇಂಬ್ರಿಡ್ಜ್‌ನ ಗಣಿತಜ್ಞ ಜಿ. ಎಚ್. ಹಾರ್ಡಿಯ ಮುಂದಿಟ್ಟರು. ಹಾರ್ಡಿ 1908ರಲ್ಲಿ ಒಂದು ಪುಟ್ಟ ಪತ್ರದಲ್ಲಿ ಉತ್ತರ ಬರೆದರು. ಅದೇ ವರ್ಷ ಜರ್ಮನಿಯ ವೈದ್ಯ ವಿಲ್ಹೆಲ್ಮ್ ವೈನ್‌ಬರ್ಗ್ ಸ್ವತಂತ್ರವಾಗಿ ಅದೇ ತೀರ್ಮಾನಕ್ಕೆ ಬಂದಿದ್ದರು. ಒಂದು ಆಲೀಲ್‌ನ ಆವರ್ತನ ಪಿ, ಇನ್ನೊಂದರದು ಕ್ಯೂ ಆಗಿದ್ದು, ಕೂಡಿಕೆ ಯಾದೃಚ್ಛಿಕವಾಗಿದ್ದರೆ, ಮುಂದಿನ ಪೀಳಿಗೆಯಲ್ಲಿ ಮೂರು ಜೀನುರೂಪಗಳು (ಮೊದಲ ಆಲೀಲ್‌ನ ಎರಡು ಪ್ರತಿ, ಎರಡರದೂ ಒಂದೊಂದು ಪ್ರತಿ, ಎರಡನೆಯದರ ಎರಡು ಪ್ರತಿ) ಪಿ ವರ್ಗ, ಎರಡು ಪಿಕ್ಯೂ, ಕ್ಯೂ ವರ್ಗ ಎಂಬ ಪ್ರಮಾಣದಲ್ಲಿ ಇರುತ್ತವೆ. ಹೊರಗಿನಿಂದ ಬಲವೊಂದು ಬಂದು ಕದಲಿಸುವ ತನಕ ಆ ಪ್ರಮಾಣ ಹಾಗೆಯೇ ಉಳಿಯುತ್ತದೆ. ಪ್ರಾಬಲ್ಯ ಅಂಥ ಬಲಗಳ ಸಾಲಿಗೆ ಸೇರುವುದೇ ಇಲ್ಲ. ಹಂಟಿಂಗ್‌ಟನ್ ಕಾಯಿಲೆಯ ಆಲೀಲ್ ಪ್ರಬಲವಾದರೂ ಅಪರೂಪ; ಓ ರಕ್ತಗುಂಪಿನ ಆಲೀಲ್ ಅಪ್ರಬಲವಾದರೂ ಮನುಷ್ಯರಲ್ಲಿ ಅತಿ ಸಾಮಾನ್ಯ.

ಗಣಿತಪ್ರಿಯ:
ಮೇಲಿನ ಸೂತ್ರವನ್ನು ಒಂದು ಸಂಖ್ಯೆಗೆ ಹಾಕಿ ನೋಡಿದರೆ ಅದರ ಬಲ ತಿಳಿಯುತ್ತದೆ. ಒಂದು ಅಪ್ರಬಲ ಕಾಯಿಲೆ 10,000 ಮಂದಿಯಲ್ಲಿ ಒಬ್ಬರಿಗೆ ಬರುತ್ತದೆ ಎಂದುಕೊಳ್ಳಿ. ಕ್ಯೂ ವರ್ಗ 0.0001 ಆದ್ದರಿಂದ ಕ್ಯೂ 0.01. ವಾಹಕರ, ಅಂದರೆ ಒಂದೇ ಪ್ರತಿ ಇದ್ದು ಕಾಯಿಲೆ ಬಾರದವರ, ಪ್ರಮಾಣ ಎರಡು ಪಿಕ್ಯೂ, ಅಂದರೆ 0.0198. ರೋಗಿಗಳು ಹತ್ತು ಸಾವಿರಕ್ಕೆ ಒಬ್ಬರಾದರೆ ವಾಹಕರು ಹೆಚ್ಚುಕಡಿಮೆ ಐವತ್ತಕ್ಕೆ ಒಬ್ಬರು! ಆ ಆಲೀಲ್‌ನ ಶೇ 99ರಷ್ಟು ಪ್ರತಿಗಳು ಆರೋಗ್ಯವಂತರ ದೇಹದಲ್ಲಿಯೇ ಇರುತ್ತವೆ. ಆಯ್ಕೆಯ ಕಣ್ಣಿಗೆ ಅವು ಬೀಳುವುದೇ ಇಲ್ಲ.

ಡಾರ್ವಿನ್ ಪಕ್ಷ:
ಮೊದಲ ಪ್ರಶ್ನೆ ಮುಗಿಯಿತು, ಎರಡನೆಯದಕ್ಕೆ ಬರೋಣ. ನನ್ನ ದೃಷ್ಟಿಯಲ್ಲಿ ನಾಲ್ಕು ಬಲಗಳನ್ನು ಸಮಾನವಾಗಿ ಪಟ್ಟಿ ಮಾಡುವುದೇ ದಾರಿ ತಪ್ಪಿಸುವ ಕ್ರಮ. ಜೀವಿಗಳನ್ನು ಪರಿಸರಕ್ಕೆ ಹೊಂದಿಸುವ ಶಕ್ತಿ ಇರುವುದು ಆಯ್ಕೆಗೆ ಮಾತ್ರ. ದಿಕ್ಚ್ಯುತಿ ಎಂಬುದು ಲೆಕ್ಕದ ಗದ್ದಲ. ಶೇ 20ರಿಂದ ಶೇ 60ಕ್ಕೆ ಏರಿಕೆಯಾಗಿದ್ದರೆ ಅಲ್ಲಿ ಅನುಕೂಲವೊಂದು ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ.

ನೊಣದ ಕೋಣೆ:
ಡಾರ್ವಿನ್ ಪಕ್ಷದವರೇ, ನಿಮ್ಮ ಮಾತಿನ ಮೊದಲರ್ಧವನ್ನು ಒಪ್ಪುತ್ತೇನೆ, ಎರಡನೆಯ ಅರ್ಧವನ್ನು ಖಂಡಿತ ಒಪ್ಪಲಾರೆ. ಪೀಟರ್ ಬುರಿ 1956ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ದಯವಿಟ್ಟು ಗಮನಿಸಿ. ಅವರು ಹಣ್ಣಿನ ನೊಣ ಡ್ರೊಸೊಫಿಲಾದ 107 ಪುಟ್ಟ ಸಂದಣಿಗಳನ್ನು ಬೇರೆಬೇರೆಯಾಗಿ ಸಾಕಿದರು. ಪ್ರತಿ ಪೀಳಿಗೆಯಲ್ಲಿಯೂ ಪ್ರತಿ ಸಂದಣಿಯಿಂದ 8 ಗಂಡು, 8 ಹೆಣ್ಣುಗಳನ್ನು ಮಾತ್ರ ಎತ್ತಿಕೊಂಡು ಮುಂದಿನ ಪೀಳಿಗೆಗೆ ಬಿಟ್ಟರು. ಕಣ್ಣಿನ ಬಣ್ಣವನ್ನು ನಿರ್ಧರಿಸುವ ಒಂದು ಆಲೀಲ್ ಎಲ್ಲ ಸಂದಣಿಗಳಲ್ಲಿಯೂ ಸರಿಯಾಗಿ ಶೇ 50ರಿಂದ ಆರಂಭವಾಯಿತು. 19 ಪೀಳಿಗೆಗಳ ಕೊನೆಗೆ 30 ಸಂದಣಿಗಳಲ್ಲಿ ಅದು ಸಂಪೂರ್ಣ ಅಳಿದಿತ್ತು, 28ರಲ್ಲಿ ಅದೊಂದೇ ಉಳಿದಿತ್ತು. ಆ 28 ಸಂದಣಿಗಳಲ್ಲಿ ಒಂದನ್ನು ಮಾತ್ರ ಕಂಡವರು, ಶೇ 50ರಿಂದ ಶೇ 100ಕ್ಕೆ ಏರಿದ ಈ ಆಲೀಲ್‌ಗೆ ಎಂಥದೋ ಅನುಕೂಲವಿದೆ ಎಂದು ಖಚಿತವಾಗಿ ಬರೆದುಬಿಡುತ್ತಿದ್ದರು. ಎಲ್ಲ 107ನ್ನೂ ಒಟ್ಟಿಗೆ ನೋಡಿದವರಿಗೆ ಸತ್ಯ ಕಾಣುತ್ತದೆ: ಅಳಿದವು ಮತ್ತು ಉಳಿದವುಗಳ ಸಂಖ್ಯೆ ಬಹುತೇಕ ಸಮ, ಒಟ್ಟಾರೆ ಸರಾಸರಿ ಅರ್ಧದ ಆಸುಪಾಸಿನಲ್ಲಿಯೇ ಇದೆ.

ಕಲಿಕೆಯ ಹಾದಿ ಅವರ ಪ್ರಶ್ನೆಗೆ ಇದರಲ್ಲಿಯೇ ಮೊದಲ ಉತ್ತರವಿದೆ. ಒಂದೇ ಒಂದು ಏರಿಕೆಯಿಂದ ಕಾರಣವನ್ನು ಹೇಳಲಾಗದು, ಆ ಘಟನೆ ಮರುಕಳಿಸುತ್ತದೆಯೇ ಎಂದು ನೋಡಬೇಕು. ದಿಕ್ಚ್ಯುತಿಗೆ ಗುರಿಯಿಲ್ಲದ ಕಾರಣ ಒಂದೊಂದು ಸಂದಣಿ ಒಂದೊಂದು ಕಡೆ ಸಾಗುತ್ತದೆ. ಆಯ್ಕೆಯಾದರೆ, ಒಂದೇ ಬಗೆಯ ಪರಿಸರದಲ್ಲಿರುವ ಸಂದಣಿಗಳನ್ನು ಒಂದೇ ಕಡೆಗೆ ಎಳೆಯುತ್ತದೆ.

ಡಾರ್ವಿನ್ ಪಕ್ಷ:
ಹದಿನಾರು ನೊಣಗಳನ್ನು ಸೀಸೆಯಲ್ಲಿ ಕೂಡಿಹಾಕಿದರೆ ಆಕಸ್ಮಿಕವೇ ಗೆಲ್ಲುತ್ತದೆ, ಅದರಲ್ಲಿ ಆಶ್ಚರ್ಯವೇನಿದೆ? ನಿಸರ್ಗದಲ್ಲಿ ಸಂದಣಿಗಳು ಸಾವಿರ, ಲಕ್ಷಗಳಲ್ಲಿರುತ್ತವೆ. ಮ್ಯಾಂಚೆಸ್ಟರ್‌ನಲ್ಲಿ 1848ರಲ್ಲಿ ಮೊದಲ ಬಾರಿಗೆ ದಾಖಲಾದ ಕಪ್ಪು ಬಣ್ಣದ ಬಿಸ್ಟನ್ ಪತಂಗಗಳು 1895ರ ವೇಳೆಗೆ ಅಲ್ಲಿನ ಪತಂಗಗಳಲ್ಲಿ ಶೇ 98ರಷ್ಟಾಗಿದ್ದವು. ವರ್ಷಕ್ಕೊಂದೇ ಪೀಳಿಗೆ ಕಾಣುವ ಜೀವಿಯಲ್ಲಿ ಐವತ್ತು ವರ್ಷಗಳೊಳಗೆ ಇಂಥ ಬದಲಾವಣೆಯನ್ನು ಯಾವ ದಿಕ್ಚ್ಯುತಿಯೂ ತರಲಾರದು.

ಪಾಠದ ಮೇಜು:
ಪತಂಗದ ವಿಷಯದಲ್ಲಿ ನಿಮ್ಮ ತೀರ್ಮಾನ ಸರಿ. ಆದರೆ ಅದು ಸರಿಯೆಂದು ನಮಗೆ ತಿಳಿದದ್ದು ಏರಿಕೆಯ ವೇಗದಿಂದ ಮಾತ್ರವಲ್ಲ. ಬ್ರಿಟನ್ನಿನಲ್ಲಿ 1956ರ ಶುದ್ಧ ಗಾಳಿ ಕಾಯ್ದೆಯ ನಂತರ ಹೊಗೆ ಕಡಿಮೆಯಾದಂತೆ ಕಪ್ಪು ರೂಪ ಕುಸಿಯತೊಡಗಿತು. ಅಟ್ಲಾಂಟಿಕ್‌ನ ಆಚೆ ಅಮೆರಿಕದಲ್ಲಿಯೂ ಹೊಗೆ ಇಳಿದ ಕಡೆ ಕಪ್ಪು ರೂಪ ಇಳಿಯಿತು. ಕಾರಣವೆಂದು ಶಂಕಿಸಿದ ಅಂಶ ತಿರುಗಿದಾಗ ಆವರ್ತನವೂ ತಿರುಗಿತು, ಅದೂ ಬೇರೆಬೇರೆ ಕಡೆಗಳಲ್ಲಿ. ಇದರ ಜೊತೆಗೆ ನೇರ ಪರೀಕ್ಷೆಯೂ ನಡೆದಿದೆ. ಹಿಂದಿನ ಪ್ರಯೋಗಗಳ ಮೇಲೆ ಆಕ್ಷೇಪಗಳು ಎದ್ದಾಗ ಮೈಕಲ್ ಮಜೆರಸ್ ಹಲವು ವರ್ಷ ಶ್ರಮಿಸಿ 4,864 ಪತಂಗಗಳನ್ನು ಬಿಟ್ಟು ಗಮನಿಸಿದರು. ಹೊಗೆಯ ಮಸಿ ಇಲ್ಲದ ಮರಗಳ ಮೇಲೆ ಕಪ್ಪು ಪತಂಗಗಳು ಎದ್ದುಕಂಡು ಹಕ್ಕಿಗಳಿಗೆ ಹೆಚ್ಚು ಆಹಾರವಾಗುವುದು ಅವರ ಅಂಕಿಅಂಶಗಳಲ್ಲಿ ಸ್ಪಷ್ಟವಾಗಿತ್ತು. 2016ರಲ್ಲಿ, ಕಾರ್ಟೆಕ್ಸ್ ಎಂಬ ವಂಶವಾಹಿಯೊಳಗೆ ಸೇರಿಕೊಂಡ ಒಂದು ಚಲಿಸುವ ಡಿಎನ್ಎ ತುಣುಕೇ ಆ ಬಣ್ಣಕ್ಕೆ ಕಾರಣವೆಂದೂ ಗೊತ್ತಾಯಿತು. ಇಷ್ಟು ಸಾಕ್ಷ್ಯಗಳು ಒಂದರ ಮೇಲೊಂದು ಕೂಡಿದ್ದರಿಂದಲೇ ಇದನ್ನು ಆಯ್ಕೆ ಎನ್ನಲು ನಮಗೆ ಅಂಜಿಕೆಯಿಲ್ಲ. ಪ್ರತಿಯೊಂದು ಏರಿಕೆಗೂ ಇಷ್ಟು ಸಾಕ್ಷ್ಯ ಕೇಳುವುದು ನ್ಯಾಯವಾದ ಬೇಡಿಕೆ.

ಗಣಿತಪ್ರಿಯ:
ಲಕ್ಷಗಳಲ್ಲಿರುವ ಸಂದಣಿಯಲ್ಲಿ ದಿಕ್ಚ್ಯುತಿ ಇಲ್ಲ ಎಂಬ ಮಾತಿಗೆ ಎರಡು ತಿದ್ದುಪಡಿಗಳು ಬೇಕು.

ಎಣಿಸಿದ ತಲೆಗಳ ಸಂಖ್ಯೆಗೂ ತಳಿವಿಜ್ಞಾನಿ ಸಿವಾಲ್ ರೈಟ್ ಹೇಳಿದ ಪರಿಣಾಮಕಾರಿ ಸಂಖ್ಯೆಗೂ (ದಿಕ್ಚ್ಯುತಿಯ ಲೆಕ್ಕಕ್ಕೆ ನಿಜವಾಗಿ ಬರುವ ಸಂಖ್ಯೆಗೂ) ಅಜಗಜಾಂತರ ವ್ಯತ್ಯಾಸವಿರಬಹುದು. ಒಂದೇ ಗಂಡು 99 ಹೆಣ್ಣುಗಳೊಂದಿಗೆ ಕೂಡುವ ಹಿಂಡಿನಲ್ಲಿ ತಲೆಗಳು ನೂರಾದರೂ ಪರಿಣಾಮಕಾರಿ ಸಂಖ್ಯೆ ನಾಲ್ಕನ್ನೂ ಮುಟ್ಟುವುದಿಲ್ಲ. ಸಂಖ್ಯೆ ಪೀಳಿಗೆಯಿಂದ ಪೀಳಿಗೆಗೆ ಏರಿಳಿದರೆ ಚಿಕ್ಕ ಸಂಖ್ಯೆಗಳಿಗೆ ಹೆಚ್ಚು ತೂಕ ಕೊಡುವ ಹರಾತ್ಮಕ ಸರಾಸರಿ ತೆಗೆಯಬೇಕು: ಮೂರು ಪೀಳಿಗೆಗಳಲ್ಲಿ 1000, 10, 1000 ಇದ್ದರೆ ಪರಿಣಾಮಕಾರಿ ಸಂಖ್ಯೆ ಸುಮಾರು 29. ಒಂದು ಕೆಟ್ಟ ಪೀಳಿಗೆ ಒಳ್ಳೆಯ ಎರಡನ್ನು ನುಂಗಿಬಿಡುತ್ತದೆ.

ಹೊಸ ಆಲೀಲ್ ಮೊದಲು ಒಂದೇ ಪ್ರತಿಯಲ್ಲಿ ಹುಟ್ಟುತ್ತದೆ ಎಂಬುದು ಇನ್ನೊಂದು. ಅದು ಎಷ್ಟೇ ದೊಡ್ಡ ಸಂದಣಿಯಲ್ಲಿ ಹುಟ್ಟಿದರೂ ಆರಂಭದಲ್ಲಿ ಅದರ ಹಣೆಬರಹ ಒಂದಿಬ್ಬರು ವ್ಯಕ್ತಿಗಳ ಅದೃಷ್ಟಕ್ಕೆ ಕಟ್ಟಿಬಿದ್ದಿರುತ್ತದೆ. ಹಾಲ್ಡೇನ್ 1927ರಲ್ಲಿ ತೋರಿಸಿದಂತೆ, ಶೇ 1ರಷ್ಟು ಅನುಕೂಲವಿರುವ ಹೊಸ ಆಲೀಲ್ ಕೊನೆಗೆ ನೆಲೆಯೂರುವ ಸಂಭವ ಸುಮಾರು ಶೇ 2 ಮಾತ್ರ. ಒಳ್ಳೆಯ ಉತ್ಪರಿವರ್ತನೆಗಳಲ್ಲಿ ಬಹುಪಾಲನ್ನು ಅಳಿಸಿಹಾಕುವುದು ದಿಕ್ಚ್ಯುತಿಯೇ.

ಮಿತಭಾಷಿ:
ಶೇ 98 ಸಲ ಒಳ್ಳೆಯದೇ ಸೋಲುತ್ತದೆಯೆಂದರೆ ದಿಕ್ಚ್ಯುತಿಯನ್ನು ಗದ್ದಲವೆಂದು ಕರೆಯುವುದು ಕಷ್ಟ.

ವೈದ್ಯೆ:
ಮನುಷ್ಯರ ಉದಾಹರಣೆಯೊಂದನ್ನು ಸೇರಿಸುತ್ತೇನೆ. ಪೆಸಿಫಿಕ್ ಸಾಗರದ ಪಿಂಗೆಲಾಪ್ ಎಂಬ ಹವಳದ್ವೀಪದಲ್ಲಿ 1775ರ ಸುಮಾರಿಗೆ ಚಂಡಮಾರುತ ಬಡಿದು ಇಪ್ಪತ್ತರಷ್ಟು ಮಂದಿ ಮಾತ್ರ ಉಳಿದರು. ಬಣ್ಣವನ್ನು ಸ್ವಲ್ಪವೂ ಗುರುತಿಸಲಾಗದ, ಬೆಳಕನ್ನು ಸಹಿಸಲಾಗದ ಅಪ್ರಬಲ ಸ್ಥಿತಿಯೊಂದು ಇಂದು ಅಲ್ಲಿನವರಲ್ಲಿ ಶೇ 5ರಿಂದ 10ರಷ್ಟು ಮಂದಿಗೆ ಇದೆ. ಬೇರೆ ಕಡೆ ಇದು ಸುಮಾರು ಮೂವತ್ತು ಸಾವಿರಕ್ಕೆ ಒಬ್ಬರಿಗೆ ಬರುವ ಸ್ಥಿತಿ. ಈ ಆಲೀಲ್‌ನಿಂದ ಅಲ್ಲಿ ಯಾವ ಲಾಭವೂ ಕಂಡುಬಂದಿಲ್ಲ.

ನೊಣದ ಕೋಣೆ:
ಒಳ್ಳೆಯ ಉದಾಹರಣೆ ಕೊಟ್ಟಿರಿ ಮೇಡಂ. ಒಂದು ಸಂಗತಿಯನ್ನು ಮಾತ್ರ ಬಿಡಿಸಿ ಹೇಳಬೇಕು. ಇಪ್ಪತ್ತು ಮಂದಿಯಲ್ಲಿ ಒಬ್ಬರು ವಾಹಕರಾಗಿದ್ದರೆ ಆಲೀಲ್‌ನ ಆವರ್ತನ ನಲವತ್ತರಲ್ಲಿ ಒಂದು, ಅಂದರೆ ಶೇ 2.5. ಶೇ 5ರಷ್ಟು ಜನರಿಗೆ ಈ ಸ್ಥಿತಿ ಇರಬೇಕಾದರೆ ಆವರ್ತನ ಶೇ 22ರ ಸಮೀಪ ಇರಬೇಕು. ಚಂಡಮಾರುತ ಅದನ್ನು ಒಂದೇ ಏಟಿಗೆ ಶೇ 2.5ಕ್ಕೆ ತಂದು ನಿಲ್ಲಿಸಿತು. ಉಳಿದ ಏರಿಕೆ ಆದದ್ದು ಅದರ ನಂತರದ ತಲೆಮಾರುಗಳಲ್ಲಿ, ಜನ ಇನ್ನೂ ಕಡಿಮೆಯಿದ್ದಾಗ. ಬದುಕುಳಿದ ಮುಖ್ಯಸ್ಥನೇ ವಾಹಕನಾಗಿದ್ದು ಅವನ ಸಂತಾನ ಹೆಚ್ಚಿತೆಂದು ನಂಬಲಾಗಿದೆ. ಬಾಟಲ್‌ನೆಕ್ (ಸಂಖ್ಯೆ ಒಮ್ಮೆಲೇ ಕುಸಿಯುವುದು) ಎಂದು ಒಂದೇ ಪದದಲ್ಲಿ ಹೇಳಿ ಮುಗಿಸಿದರೆ ಈ ಎರಡನೆಯ ಹಂತ ಮರೆತುಹೋಗುತ್ತದೆ, ಆದರೆ ಹೆಚ್ಚಿನ ಕೆಲಸ ನಡೆದದ್ದು ಅಲ್ಲಿಯೇ.

ಕಲಿಕೆಯ ಹಾದಿ:
ಬಹಳ ಉಪಕಾರವಾಯಿತು. ನಡುವೆ ಒಂದು ಪ್ರಶ್ನೆ. ಪಿಂಗೆಲಾಪ್‌ನಂಥ ಚಿಕ್ಕ ಸಮುದಾಯಗಳಲ್ಲಿ ಹತ್ತಿರದ ಸಂಬಂಧಿಗಳ ನಡುವೆ ಮದುವೆ ಆಗುತ್ತದಲ್ಲವೇ? ಹಾಗಾದರೆ ಒಳಸಂಬಂಧದ ಕೂಡಿಕೆಯೂ ಐದನೆಯ ಬಲವೇ? ನಮ್ಮ ಪುಸ್ತಕ ಅದನ್ನೂ ಪಟ್ಟಿಯಲ್ಲಿ ಸೇರಿಸಿದೆ.

ಪಾಠದ ಮೇಜು:
ಹಾರ್ಡಿ ವೈನ್‌ಬರ್ಗ್ ಸಮತೋಲವನ್ನು ಕೆಡಿಸುವ ಸಂಗತಿಗಳ ಪಟ್ಟಿಯಲ್ಲಿ ಅದು ಇರುವುದು ಸರಿ. ಆಲೀಲ್ ಆವರ್ತನವನ್ನು ಬದಲಿಸುವ ಬಲಗಳ ಪಟ್ಟಿಯಲ್ಲಿದ್ದರೆ ಅದು ತಪ್ಪು. ಈ ಎರಡು ಪಟ್ಟಿಗಳನ್ನು ಬೆರೆಸಿದ ಉತ್ತರಪತ್ರಿಕೆಗಳು ನನಗೆ ವರ್ಷವೂ ಸಿಗುತ್ತವೆ. ಒಳಕೂಡಿಕೆ ವಿಷಮಯುಗ್ಮಜಗಳನ್ನು (ಎರಡು ಬೇರೆ ಆಲೀಲ್‌ಗಳಿರುವವನ್ನು) ಕಡಿಮೆ ಮಾಡಿ ಎರಡು ಬಗೆಯ ಸಮಯುಗ್ಮಜಗಳನ್ನೂ (ಒಂದೇ ಆಲೀಲ್‌ನ ಎರಡು ಪ್ರತಿಗಳಿರುವವನ್ನೂ) ಹೆಚ್ಚಿಸುತ್ತದೆ. ಜೀನುರೂಪಗಳ ಹಂಚಿಕೆ ಬದಲಾಗುತ್ತದೆ, ಆದರೆ ಪಿ ಮತ್ತು ಕ್ಯೂ ಇದ್ದಲ್ಲಿಯೇ ಇರುತ್ತವೆ.

ಡಾರ್ವಿನ್ ಪಕ್ಷ:
ಕಾಗದದ ಮೇಲೆ ಸರಿ. ನಿಜದಲ್ಲಿ, ಅಪ್ರಬಲ ಹಾನಿಕಾರಕ ಆಲೀಲ್‌ಗಳು ಒಳಕೂಡಿಕೆಯಿಂದ ಬಯಲಿಗೆ ಬಂದ ಕೂಡಲೇ ಆಯ್ಕೆಗೆ ಸಿಕ್ಕಿಬೀಳುತ್ತವೆ, ಆವರ್ತನ ಇಳಿಯುತ್ತದೆ. ಪರೋಕ್ಷವಾಗಿಯಾದರೂ ಅದು ಬಲವೇ.

ಪಾಠದ ಮೇಜು:
ಆಗ ಆವರ್ತನವನ್ನು ಇಳಿಸಿದ್ದು ಆಯ್ಕೆ. ಒಳಕೂಡಿಕೆ ಅದಕ್ಕೆ ದಾರಿ ತೆರೆದುಕೊಟ್ಟಿತು, ಅಷ್ಟೇ. ಯಾವ ಕೆಲಸ ಯಾರದು ಎಂದು ಬಿಡಿಸಿಡದಿದ್ದರೆ ಕಲಿಕೆಯ ಹಾದಿ ಅವರು ಕೇಳಿದ ಮೂಲ ಪ್ರಶ್ನೆಗೆ ಎಂದಿಗೂ ಉತ್ತರ ಸಿಗದು.

ವೈದ್ಯೆ:
ಇದೇ ಜಾಗದಲ್ಲಿ ಅಪಾಯಕಾರಿ ವಾದವೊಂದು ಹುಟ್ಟಿಕೊಳ್ಳುವುದನ್ನು ನಾನು ಕಂಡಿದ್ದೇನೆ: ಅಪ್ರಬಲ ಕಾಯಿಲೆ ಇರುವವರಿಗೆ ಮಕ್ಕಳಾಗದಂತೆ ತಡೆದರೆ ಕಾಯಿಲೆಯೇ ಅಳಿಯುತ್ತದೆ ಎಂಬ ವಾದ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಹಲವು ದೇಶಗಳು ಇಂಥ ನಂಬಿಕೆಯಿಂದ ಜನರಿಗೆ ಬಲವಂತದ ಶಸ್ತ್ರಚಿಕಿತ್ಸೆ ಮಾಡಿಸಿದವು. ಗಣಿತಪ್ರಿಯ ಅವರು ಇದರ ಲೆಕ್ಕವನ್ನು ಒಮ್ಮೆ ತೋರಿಸಿದರೆ ಒಳ್ಳೆಯದು.

ಗಣಿತಪ್ರಿಯ:
ಖಂಡಿತ. ಒಬ್ಬ ರೋಗಿಗೂ ಮಕ್ಕಳಾಗಲಿಲ್ಲ ಎಂದು ಇಟ್ಟುಕೊಂಡರೂ, ಆವರ್ತನ 0.01ರಿಂದ 0.005ಕ್ಕೆ, ಅಂದರೆ ಬರೀ ಅರ್ಧಕ್ಕೆ ಇಳಿಯಲು 100 ಪೀಳಿಗೆಗಳು ಬೇಕು. ಮನುಷ್ಯರಲ್ಲಿ ಪೀಳಿಗೆಗೆ 25 ವರ್ಷ ಹಿಡಿದರೆ 2,500 ವರ್ಷ. ಆವರ್ತನ ತಗ್ಗಿದಂತೆ ಮುಂದಿನ ಅರ್ಧಕ್ಕೆ ಇನ್ನೂ 200 ಪೀಳಿಗೆಗಳು. ಈ ನಡುವೆ ಹೊಸ ಉತ್ಪರಿವರ್ತನೆಗಳು ಕಳೆದುಹೋದ ಪ್ರತಿಗಳ ಜಾಗವನ್ನು ತುಂಬುತ್ತಲೇ ಇರುತ್ತವೆ. ನೀತಿಯ ದೃಷ್ಟಿಯಿಂದ ಆ ಕ್ರಮ ಹೇಯವಾದದ್ದು. ಲೆಕ್ಕದ ದೃಷ್ಟಿಯಿಂದಲೂ ಅದಕ್ಕೆ ಆಧಾರವಿರಲಿಲ್ಲ.

ವನಚರಿ:
ಇಷ್ಟು ಹೊತ್ತು ವಲಸೆಯ ಬಗ್ಗೆ ಯಾರೂ ಮಾತೇ ಆಡಲಿಲ್ಲವೆಂದು ನನಗೆ ಬೇಸರ. ಸಂರಕ್ಷಣೆಯ ಕೆಲಸದಲ್ಲಿ ನಮ್ಮ ಕೈಗೆ ನಿಜವಾಗಿ ಎಟಕುವ ಬಲವೆಂದರೆ ಅದೊಂದೇ. ಫ್ಲಾರಿಡಾದ ಪ್ಯಾಂಥರ್‌ಗಳು, ಅಂದರೆ ಅಲ್ಲಿನ ಪ್ಯೂಮಾಗಳು, 1990ರ ದಶಕದ ಆರಂಭದಲ್ಲಿ ಇಪ್ಪತ್ತು ಮೂವತ್ತಕ್ಕೆ ಇಳಿದಿದ್ದವು. ಬಾಲದ ತುದಿ ಡೊಂಕಾಗಿರುವುದು, ವೃಷಣಗಳು ಕೆಳಗೆ ಇಳಿಯದಿರುವುದು, ಹೃದಯದ ದೋಷಗಳು ಅವುಗಳಲ್ಲಿ ಸಾಮಾನ್ಯವಾಗಿದ್ದವು. 1995ರಲ್ಲಿ ಟೆಕ್ಸಾಸ್‌ನಿಂದ 8 ಹೆಣ್ಣು ಪ್ಯೂಮಾಗಳನ್ನು ತಂದು ಬಿಟ್ಟರು. ಮುಂದಿನ ಪೀಳಿಗೆಗಳಲ್ಲಿ ಆ ದೋಷಗಳು ಕಡಿಮೆಯಾದವು, ಸಂಖ್ಯೆ ಹಲವು ಪಟ್ಟು ಬೆಳೆಯಿತು. ದಿಕ್ಚ್ಯುತಿ ದಶಕಗಳ ಕಾಲ ಕೆಡಿಸಿದ್ದನ್ನು ಎಂಟು ಪ್ರಾಣಿಗಳು ಒಂದೆರಡು ಪೀಳಿಗೆಗಳಲ್ಲಿ ಸರಿಪಡಿಸಿದವು!

ಇದಕ್ಕೆ ಎದುರಾದ ಚಿತ್ರವೂ ಇದೆ. ಉತ್ತರದ ಆನೆಸೀಲ್‌ಗಳು ಎಣ್ಣೆಗಾಗಿ ನಡೆದ ಬೇಟೆಯಿಂದ 1890ರ ದಶಕದಲ್ಲಿ ಬೆರಳೆಣಿಕೆಗೆ ಇಳಿದು, ರಕ್ಷಣೆ ಸಿಕ್ಕ ಮೇಲೆ ಲಕ್ಷ ದಾಟಿದವು. ಆದರೆ 1974ರಲ್ಲಿ ಅವುಗಳ 24 ಪ್ರೋಟೀನ್ ತಾಣಗಳನ್ನು (ಪ್ರೋಟೀನ್ ರೂಪಿಸುವ ವಂಶವಾಹಿಗಳ ಜಾಗಗಳನ್ನು) ಪರೀಕ್ಷಿಸಿದಾಗ ಒಂದರಲ್ಲಿಯೂ ವೈವಿಧ್ಯ ಕಾಣಲಿಲ್ಲ. ಆ ಪ್ರಭೇದಕ್ಕೆ ಹೊರಗಿನಿಂದ ಬರಲು ಬೇರೆ ಸಂದಣಿಯೇ ಇರಲಿಲ್ಲ. ತಲೆಗಳ ಸಂಖ್ಯೆ ಮರಳಿದ ಮಾತ್ರಕ್ಕೆ ಆಲೀಲ್‌ಗಳು ಮರಳುವುದಿಲ್ಲ.

ಕಲಿಕೆಯ ಹಾದಿ:
ಕಳೆದುಹೋದ ಆಲೀಲ್‌ಗಳನ್ನು ಉತ್ಪರಿವರ್ತನೆ ಮತ್ತೆ ಕೊಡುವುದಿಲ್ಲವೇ?

ಗಣಿತಪ್ರಿಯ:
ಕೊಡುತ್ತದೆ, ಆದರೆ ನಾವು ಕಾಯಬಲ್ಲ ಅವಧಿಯಲ್ಲಿ ಅಲ್ಲ. ಒಂದು ಆಲೀಲ್ ಇನ್ನೊಂದಾಗಿ ಬದಲಾಗುವ ದರ ಪೀಳಿಗೆಗೆ ಲಕ್ಷಕ್ಕೆ ಒಂದು ಎಂದು ಹಿಡಿದರೆ, ಬೇರಾವ ಬಲದ ನೆರವೂ ಇಲ್ಲದೆ ಅದರ ಆವರ್ತನ ಅರ್ಧಕ್ಕೆ ಇಳಿಯಲು ಸುಮಾರು 69,000 ಪೀಳಿಗೆಗಳು ಬೇಕು. ಆವರ್ತನವನ್ನು ತಳ್ಳುವುದರಲ್ಲಿ ಉತ್ಪರಿವರ್ತನೆ ನಾಲ್ಕರಲ್ಲಿ ಅತಿ ದುರ್ಬಲ. ಹೊಸತನ್ನು ಹುಟ್ಟಿಸುವುದರಲ್ಲಿ ಅದಕ್ಕೆ ಪರ್ಯಾಯವೇ ಇಲ್ಲ.

ಡಾರ್ವಿನ್ ಪಕ್ಷ:
ಸರಿ, ಆಯ್ಕೆಯ ಪರವಾಗಿ ಇನ್ನೊಂದು ಮಾತು. ಆಯ್ಕೆ ಯಾವಾಗಲೂ ಒಂದು ಆಲೀಲ್ ಅನ್ನು ನೂರಕ್ಕೆ ನೂರು ಗೆಲ್ಲಿಸುತ್ತದೆ ಎಂದು ಕೆಲವರು ಭಾವಿಸುತ್ತಾರೆ. ಕುಡುಗೋಲು ಕಣದ ಆಲೀಲ್ ಅದಕ್ಕೆ ಉತ್ತರ. ಆಂಟನಿ ಆಲಿಸನ್ 1954ರಲ್ಲಿ ತೋರಿಸಿದಂತೆ, ಒಂದೇ ಪ್ರತಿ ಇರುವವರಿಗೆ ಮಲೇರಿಯದಿಂದ ರಕ್ಷಣೆ. ಎರಡು ಪ್ರತಿಗಳಿದ್ದರೆ ಘೋರ ರಕ್ತಹೀನತೆ. ವಾದಕ್ಕಾಗಿ, ಆಲೀಲ್ ಇಲ್ಲದವರಿಗೆ ಮಲೇರಿಯದಿಂದ ಶೇ 10ರಷ್ಟು ನಷ್ಟವೆಂದೂ ಎರಡು ಪ್ರತಿ ಇರುವವರಿಗೆ ಪೂರ್ಣ ನಷ್ಟವೆಂದೂ ಇಟ್ಟುಕೊಂಡರೆ, ಆವರ್ತನ ಶೇ 9ರ ಬಳಿ ನೆಲೆಗೊಳ್ಳುತ್ತದೆ. ಆಯ್ಕೆಯೇ ಅದನ್ನು ಏರಿಸಿ, ಆಯ್ಕೆಯೇ ತಡೆದು ನಿಲ್ಲಿಸುತ್ತದೆ. ಹಾಗಾಗಿ ಆವರ್ತನ ಬದಲಾಗದೆ ನಿಂತಿದೆ ಎಂಬುದು ಆಯ್ಕೆ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ.

ನೊಣದ ಕೋಣೆ:
ಇದನ್ನು ಸಂಪೂರ್ಣ ಒಪ್ಪುತ್ತೇನೆ. ಮಲೇರಿಯ ಇಲ್ಲದ ಕಡೆ ಹೋದಾಗ ಆ ಸಮತೋಲವೇ ಕುಸಿಯುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ.

ಆದರೆ ನಾಲ್ಕರ ಪಟ್ಟಿಯ ಬಗ್ಗೆ ನನ್ನದೊಂದು ತಕರಾರು ಇದೆ. ಮನೆಯಿಲಿಗಳಲ್ಲಿ ಟಿ ಹ್ಯಾಪ್ಲೊಟೈಪ್ ಎಂಬ ವರ್ಣತಂತು ಭಾಗವಿದೆ. ವಿಷಮಯುಗ್ಮಜ ಗಂಡಿಲಿಯಿಂದ ಅದು ಅರ್ಧದಷ್ಟು ಮರಿಗಳಿಗೆ ಸಾಗಬೇಕಿತ್ತು, ಆದರೆ ಶೇ 90ಕ್ಕೂ ಹೆಚ್ಚು ಮರಿಗಳಿಗೆ ಸಾಗುತ್ತದೆ. ಎರಡು ಪ್ರತಿಗಳಾದರೆ ಇಲಿ ಸಾಯುತ್ತದೆ ಅಥವಾ ಗಂಡು ಬಂಜೆಯಾಗುತ್ತದೆ. ಜೀವಿಗೆ ಕೆಡುಕು ಮಾಡುತ್ತಲೇ ಆಲೀಲ್ ಹರಡುತ್ತದೆ. ಇದನ್ನು ಆಯ್ಕೆ ಎನ್ನಬೇಕೇ, ಬೇರೆಯೇ ಬಲವೆನ್ನಬೇಕೇ?

ಡಾರ್ವಿನ್ ಪಕ್ಷ:
ವಂಶವಾಹಿಯ ಮಟ್ಟದಲ್ಲಿ ನಡೆಯುವ ಆಯ್ಕೆ ಎಂದೇ ಹೇಳುತ್ತೇನೆ.

ಪಾಠದ ಮೇಜು:
ನಾನು ಬೇರೆಯಾಗಿಯೇ ಕಲಿಸುತ್ತೇನೆ. ಬದುಕುಳಿಯುವಿಕೆ ಮತ್ತು ಸಂತಾನದ ಸಂಖ್ಯೆಯಲ್ಲಿನ ವ್ಯತ್ಯಾಸ ಒಂದು, ಮೆಂಡೆಲ್‌ನ ಸಮಪಾಲು ಮುರಿಯುವುದು ಇನ್ನೊಂದು. ಅಳತೆ ಮಾಡುವ ಕ್ರಮಗಳೂ ಬೇರೆಬೇರೆ: ಮೊದಲನೆಯದಕ್ಕೆ ಯಾರು ಬದುಕಿದರೆಂದು ಎಣಿಸಬೇಕು, ಎರಡನೆಯದಕ್ಕೆ ಒಂದೇ ತಂದೆಯ ಮರಿಗಳಲ್ಲಿ ಆಲೀಲ್ ಎಷ್ಟು ಪಾಲು ಪಡೆಯಿತೆಂದು ಎಣಿಸಬೇಕು.

ಕಲಿಕೆಯ ಹಾದಿ:
ಇಲ್ಲಿಯವರೆಗಿನದು ನನಗೆ ಅರ್ಥವಾಯಿತು. ಆದರೆ ಪತಂಗದಂತೆ ವರ್ಷವರ್ಷದ ದಾಖಲೆಯೂ ಬುರಿಯವರಂತೆ ನೂರು ಸಂದಣಿಗಳೂ ಸಿಗದಿದ್ದಾಗ ಏನು ಮಾಡುವುದು? ನಮ್ಮ ಬಳಿ ಇರುವುದು ಇಂದಿನ ಜನರ ಡಿಎನ್ಎ ಮಾತ್ರ ಎಂದಿಟ್ಟುಕೊಳ್ಳಿ.

ನೊಣದ ಕೋಣೆ:
ಆಲೀಲ್‌ನ ಸುತ್ತಮುತ್ತಲನ್ನು ನೋಡಬೇಕು. ಆಯ್ಕೆಯಿಂದ ವೇಗವಾಗಿ ಏರಿದ ಆಲೀಲ್ ತನ್ನ ಅಕ್ಕಪಕ್ಕದ ಡಿಎನ್ಎಯನ್ನೂ ಎಳೆದುಕೊಂಡು ಬರುತ್ತದೆ, ಏಕೆಂದರೆ ಮರುಸಂಯೋಜನೆ (ಜೋಡಿ ವರ್ಣತಂತುಗಳು ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುವ ಕ್ರಿಯೆ) ಅದನ್ನು ಕತ್ತರಿಸಿ ಬೇರ್ಪಡಿಸಲು ಸಮಯವೇ ಸಿಕ್ಕಿರುವುದಿಲ್ಲ. ಮೇನಾರ್ಡ್ ಸ್ಮಿತ್ ಮತ್ತು ಹೇಗ್ 1974ರಲ್ಲಿ ಈ ಪರಿಣಾಮವನ್ನು ಗಣಿತದಲ್ಲಿ ವಿವರಿಸಿದರು. ದಿಕ್ಚ್ಯುತಿಯಿಂದ ಅಷ್ಟೇ ಎತ್ತರಕ್ಕೆ ಏರಲು ಬಹುಕಾಲ ಬೇಕಾದ್ದರಿಂದ, ಅಷ್ಟರಲ್ಲಿ ಸುತ್ತಲಿನ ತುಣುಕು ಚಿಕ್ಕದಾಗಿ ಒಡೆದಿರುತ್ತದೆ. ಆವರ್ತನ ಹೆಚ್ಚು, ಸುತ್ತಲಿನ ಅಖಂಡ ತುಣುಕೂ ಉದ್ದ ಎಂದಾದರೆ ಆಯ್ಕೆಯನ್ನು ಶಂಕಿಸಲು ಕಾರಣವಿದೆ. ವಯಸ್ಕರಾದ ಮೇಲೂ ಹಾಲಿನ ಸಕ್ಕರೆಯನ್ನು ಅರಗಿಸುವ ಗುಣಕ್ಕೆ ಸಂಬಂಧಿಸಿದ ಯುರೋಪಿನ ಆಲೀಲ್‌ನ ಸುತ್ತ ಇಂಥ ಉದ್ದದ ತುಣುಕು ಇದೆ.

ಗಣಿತಪ್ರಿಯ:
ಅದೇ ಕಾರಣಕ್ಕೆ ಎಚ್ಚರವೂ ಬೇಕು. ಆ ಉದ್ದದ ತುಣುಕಿನಲ್ಲಿರುವ ನೂರಾರು ವ್ಯತ್ಯಾಸಗಳೂ ಒಟ್ಟಿಗೆ ಏರಿವೆ. ಅವುಗಳಲ್ಲಿ ಆಯ್ಕೆ ಹಿಡಿದದ್ದು ಒಂದನ್ನು, ಉಳಿದವು ಪಕ್ಕದಲ್ಲಿ ಇದ್ದವೆಂಬ ಕಾರಣಕ್ಕೆ ಮೇಲೆ ಬಂದವು. ಆಯ್ಕೆ ನಡೆದಿದೆ ಎಂದು ಗೊತ್ತಾದ ಮೇಲೂ ಯಾವ ಆಲೀಲ್ ಮೇಲೆ ನಡೆಯಿತು ಎಂಬ ಪ್ರಶ್ನೆ ಬಾಕಿ ಉಳಿಯುತ್ತದೆ.

ಪಾಠದ ಮೇಜು:
ಹಾಲಿನ ವಿಷಯದಲ್ಲಿ ಆ ಬಾಕಿಯೂ ಬಹುಪಾಲು ತೀರಿದೆ. ಆಫ್ರಿಕಾದ ಪಶುಪಾಲಕ ಸಮುದಾಯಗಳಲ್ಲಿ ಇದೇ ಗುಣಕ್ಕೆ ಬೇರೆಯೇ ಉತ್ಪರಿವರ್ತನೆಗಳು ಕಾರಣವೆಂದು 2007ರಲ್ಲಿ ಪ್ರಕಟವಾಯಿತು. ಅವು ಯುರೋಪಿನದರೊಂದಿಗೆ ಸಂಬಂಧವಿಲ್ಲದೆ ಹುಟ್ಟಿದರೂ, ಹಾಲಿನ ಸಕ್ಕರೆಯನ್ನು ಅರಗಿಸುವ ಲ್ಯಾಕ್ಟೇಸ್ ವಂಶವಾಹಿಯನ್ನು ನಿಯಂತ್ರಿಸುವ ಅದೇ ಪುಟ್ಟ ಪ್ರದೇಶದಲ್ಲಿ, ಒಂದಕ್ಕೊಂದು ಸಮೀಪವೇ ಇವೆ. ಜೀವಕೋಶಗಳಲ್ಲಿ ಪರೀಕ್ಷಿಸಿದಾಗ ಅವು ವಂಶವಾಹಿಯ ಚಟುವಟಿಕೆಯನ್ನು ಹೆಚ್ಚಿಸಿದವು. ಬುರಿಯವರ ಸೀಸೆಗಳು ಮಾಡಿದ ಕೆಲಸವನ್ನು ಇಲ್ಲಿ ದೂರದೂರದ ಜನಸಮುದಾಯಗಳು ಮಾಡಿವೆ.

ಡಾರ್ವಿನ್ ಪಕ್ಷ:
ಗಲಾಪಗೋಸ್‌ನ ಡ್ಯಾಫ್ನಿ ಮೇಜರ್ ದ್ವೀಪದ ಫಿಂಚ್ ಹಕ್ಕಿಗಳನ್ನೂ ಇದರ ಜೊತೆಗೆ ಓದಿ. ಗ್ರಾಂಟ್ ದಂಪತಿ ಅಲ್ಲಿ ದಶಕಗಳ ಕಾಲ ಹಕ್ಕಿಗಳನ್ನು ಒಂದೊಂದಾಗಿ ಗುರುತಿಸಿ ಅಳೆದಿದ್ದಾರೆ. 1977ರ ಬರದಲ್ಲಿ ದೊಡ್ಡ ಕೊಕ್ಕಿನವು ಹೆಚ್ಚು ಉಳಿದವು. 2004–05ರ ಬರದಲ್ಲಿ, ಈ ಫಿಂಚ್‌ಗಳಿಗಿಂತ ದೊಡ್ಡ ಪ್ರಭೇದವೊಂದು ಬಂದು ಬೀಜಗಳಿಗೆ ಪೈಪೋಟಿ ಕೊಡುತ್ತಿದ್ದಾಗ, ಚಿಕ್ಕ ಕೊಕ್ಕಿನವು ಉಳಿದವು. ಎರಡನೆಯ ಬರದಲ್ಲಿ ಕೊಕ್ಕಿನ ಗಾತ್ರಕ್ಕೆ ಸಂಬಂಧಿಸಿದ ಎಚ್‌ಎಂಜಿಎ2 ಎಂಬ ವಂಶವಾಹಿಯ ತಾಣದಲ್ಲಿ ಆಲೀಲ್ ಆವರ್ತನ ಬದಲಾದದ್ದನ್ನು ನೇರವಾಗಿ ಅಳೆದಿದ್ದಾರೆ.

ಮಿತಭಾಷಿ:
ಅದೊಂದೇ ದ್ವೀಪ, ಒಂದೇ ಸಂದಣಿ, ಹಕ್ಕಿಗಳೂ ಕಡಿಮೆ. ದಿಕ್ಚ್ಯುತಿ ಅಲ್ಲವೆಂದು ಹೇಗೆ ಹೇಳುತ್ತೀರಿ?

ಡಾರ್ವಿನ್ ಪಕ್ಷ:
ನ್ಯಾಯವಾದ ಪ್ರಶ್ನೆ. ಸತ್ತ ಹಕ್ಕಿಗಳನ್ನೂ ಉಳಿದ ಹಕ್ಕಿಗಳನ್ನೂ ಹೋಲಿಸಿ, ಯಾದೃಚ್ಛಿಕವಾಗಿ ಸತ್ತಿದ್ದರೆ ಇಷ್ಟು ವ್ಯತ್ಯಾಸ ಬರುವ ಸಂಭವ ಎಷ್ಟೆಂದು ಅವರು ಲೆಕ್ಕ ಹಾಕಿದ್ದಾರೆ; ಆ ಸಂಭವ ತೀರಾ ಕಡಿಮೆ. ಹಕ್ಕಿಗಳ ಗುರುತು ಒಂದೊಂದಾಗಿ ಇಲ್ಲದಿದ್ದರೆ ಆ ಲೆಕ್ಕ ಸಾಧ್ಯವಾಗುತ್ತಿರಲಿಲ್ಲ.

ಕಲಿಕೆಯ ಹಾದಿ:
ನಮ್ಮ ತರಗತಿಯ ಕಿರುಯೋಜನೆಗೆ ಬುರಿಯವರ ಪ್ರಯೋಗವನ್ನೇ ಗಣಕಯಂತ್ರದಲ್ಲಿ ಅನುಕರಿಸಲು ಹೊರಟಿದ್ದೇನೆ. ಮೊದಲು 16 ನೊಣಗಳಿಂದ ನಡೆಸಿ, ನಂತರ ಒಂದು ಆಲೀಲ್‌ಗೆ ಶೇ 1ರಷ್ಟು ಅನುಕೂಲ ಕೊಟ್ಟು ನಡೆಸಿದರೆ ವ್ಯತ್ಯಾಸ ಕಾಣುತ್ತದೆಯೇ?

ಗಣಿತಪ್ರಿಯ:
16 ನೊಣಗಳಲ್ಲಿ ಬಹುತೇಕ ಕಾಣುವುದಿಲ್ಲ. ಅನುಕೂಲವನ್ನು ಸಂಖ್ಯೆಯಿಂದ ಗುಣಿಸಿದಾಗ ಒಂದಕ್ಕಿಂತ ಬಹಳ ಕಡಿಮೆ ಬಂದರೆ ದಿಕ್ಚ್ಯುತಿಯೇ ಮೇಲುಗೈ, ಇಲ್ಲಿ ಅದು 0.16. ಅನುಕೂಲವನ್ನು ಹಾಗೆಯೇ ಇಟ್ಟು ಸಂಖ್ಯೆಯನ್ನು 16, 160, 1,600 ಎಂದು ಏರಿಸುತ್ತ ನಡೆಸಿ, ಪ್ರತಿ ಸಲವೂ ಕನಿಷ್ಠ ನೂರು ಸಂದಣಿಗಳನ್ನು ಇಟ್ಟುಕೊಳ್ಳಿ. ಸಂಖ್ಯೆ ದೊಡ್ಡದಾದಂತೆ ಹೆಚ್ಚು ಪೀಳಿಗೆಗಳನ್ನು ಓಡಿಸಬೇಕು. 1,600ಕ್ಕೆ 19 ಪೀಳಿಗೆ ಏನೇನೂ ಸಾಲದು, ಸಾವಿರವಾದರೂ ಬೇಕು.